ವೇಲೆಯೂ ವೇಳೆಯೂ

ನಾವು ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವ ‘ಮರ್ಯಾದೆ’ ಎಂಬ ಮಾತಿಗೆ ಗೌರವವೆಂಬುದು ಆಮೇಲೆ ಬಂದ ಅರ್ಥ. ಸಂಸ್ಕೃತದಲ್ಲಿ ಅದಕ್ಕೆ ಎಲ್ಲೆ, ಮೇರೆ, ಗಡಿ ಎಂದು ಮುಖ್ಯಾರ್ಥ. ಹೊಲಕ್ಕೆ ಬದುವು ಹೇಗೋ ಕಡಲಿಗೆ ದಡವು ಹಾಗೆ ಮರ್ಯಾದೆ. ನಮ್ಮ ಪ್ರಾಚೀನ ಕವಿಗಳು ಧೀರನಾದ ರಾಜನನ್ನು ವರ್ಣಿಸಬೇಕಾದಾಗಲೆಲ್ಲ ಸಮುದ್ರವನ್ನು ನೆನೆಯುವರು. ಎಷ್ಟು ನದಿಗಳು ಬಂದು ಸೇರಿದರೂ ಉಕ್ಕದೆ, ಬಲವು ಅಪಾರವಾಗಿದ್ದರೂ ಎಲ್ಲೆಯನ್ನು ದಾಟದೆ ಇರುವುದೇ ಅದರ ಹಿರಿಮೆಯೆಂದು ಅವರ ಮತ. ಏಕೆ ಉಕ್ಕುವುದಿಲ್ಲವೆಂದು ಕೇಳಿದವರಿಗೆ ಪೌರಾಣಿಕರು ಬಡಬಾಗ್ನಿಯ ಕಥೆಯನ್ನು ಹೇಳಿದರು. ಹೆಣ್ಣುಕುದುರೆಯ ಮುಖವುಳ್ಳ ಬೆಂಕಿಯೊಂದು ಕಡಲ ತಳದಲ್ಲಿದ್ದು ಹೆಚ್ಚಾದ ನೀರನ್ನು ಹೀರುತ್ತಿರುವುದಂತೆ. ಪ್ರಳಯಕಾಲದಲ್ಲಿ ಮಾತ್ರ ಕಡಲು ಮೇರೆಯನ್ನು ಮೀರುವುದಂತೆ.

ದಡಕ್ಕೆ ಸಂಸ್ಕೃತದಲ್ಲಿ ‘ವೇಲಾ’ ಎಂಬ ಇನ್ನೊಂದು ಹೆಸರೂ ಉಂಟು. ಇದು ಬಹು ಅರ್ಥಗಳನ್ನು ಹೊತ್ತ ಶಬ್ದ. ಕಡಲಿನ ದಡಕ್ಕೂ ವೇಲೆಯೆಂದು ಹೆಸರು, ದಡಕ್ಕೆ ಏರಿ ಬರುವ ಉಬ್ಬರಕ್ಕೂ ಅದೇ ಹೆಸರು, ಕಾಲಕ್ಕೂ ಅದೇ ಹೆಸರು. ಕನ್ನಡಕ್ಕೆ ಬಂದಾಗ ಲಕಾರವು ಳಕಾರವಾಗಿ ‘ವೇಳೆ’ಯಾಯಿತು. ದಡವೂ ಉಬ್ಬರವೂ ಬಳಕೆಯಿಂದ ಜಾರಿಹೋಗಿ ಕಾಲವೆಂಬ ಅರ್ಥವೊಂದೇ ನಮ್ಮ ಬಾಯಲ್ಲಿ ನಿಂತಿತು. ಈ ತಿಂಗಳು ವಾಚಕರ ಮುಂದಿಡಬೇಕೆಂದಿರುವ ವಿಷಯದಲ್ಲಿ ಈ ಮೂರು ಅರ್ಥಗಳೂ ಮತ್ತೆ ಒಂದುಗೂಡುವುವು. ಕಡಲು ವೇಲೆಯನ್ನು ಮೀರಿದಾಗ ವೇಳೆಯನ್ನರಿತವರು ಉಳಿದರು, ಅರಿಯದವರು ಅಳಿದರು.

೨೦೦೪ನೆಯ ಇಸವಿ ಡಿಸೆಂಬರ್ ೨೬ನೆಯ ತಾರೀಖು, ಭಾನುವಾರ. ಪಂಚಾಂಗದಂತೆ ತಾರಣ ಸಂವತ್ಸರದ ಮಾರ್ಗಶಿರ ಶುದ್ಧ ಪೂರ್ಣಿಮೆ. ತಾರಣವೆಂದರೆ ದಾಟಿಸುವುದು, ದಡ ಮುಟ್ಟಿಸುವುದು. ಅಂಥ ಹೆಸರಿನ ವರ್ಷದಲ್ಲಿಯೇ ದಡದಲ್ಲಿದ್ದವರನ್ನು ಕಡಲು ಎಳೆದುಕೊಂಡು ಹೋಯಿತು. ನಮ್ಮ ದೇಶದ ಕಾಲಮಾನದಲ್ಲಿ ಬೆಳಗ್ಗೆ ಆರೂವರೆ ಗಂಟೆಗೆ ಒಂದೆರಡು ನಿಮಿಷ ಮುಂಚೆ, ಸುಮಾತ್ರಾ ದ್ವೀಪದ ಪಶ್ಚಿಮದಲ್ಲಿ ಕಡಲ ತಳವು ಬಿರಿಯಿತು. ಭಾರತವನ್ನು ಹೊತ್ತಿರುವ ಭೂಫಲಕವು ಅಲ್ಲಿ ತನ್ನ ನೆರೆಯ ಫಲಕದ ಅಡಿಗೆ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಮೆಲ್ಲಮೆಲ್ಲನೆ ನುಗ್ಗುತ್ತಿರುವುದು. ನುಗ್ಗುವ ದಾರಿಯಲ್ಲಿ ಬಂಡೆಗೆ ಬಂಡೆ ಕಚ್ಚಿಕೊಂಡು, ನೂರಾರು ವರ್ಷಗಳ ಒತ್ತಡವು ಬಗ್ಗಿಸಿದ ಬಿದಿರಿನಲ್ಲಿ ಸೇರುವಂತೆ ಸೇರಿಕೊಳ್ಳುವುದು. ಆ ಬಿದಿರು ಅಂದು ಕೈಜಾರಿ ಚಿಮ್ಮಿತು. ಸುಮಾತ್ರಾದಿಂದ ಅಂಡಮಾನಿನವರೆಗೆ ೧೨೦೦ ಕಿಲೋಮೀಟರಿಗೂ ಮೇಲ್ಪಟ್ಟ ಉದ್ದಕ್ಕೆ ಸೀಳು ಓಡಿತು. ಭೂಕಂಪದ ಪ್ರಮಾಣವನ್ನು ಶಾಸ್ತ್ರಜ್ಞರು ೯.೧ ಎಂದು ಎಣಿಸಿರುವರು.

ಗಾಳಿ ಎಬ್ಬಿಸುವ ಅಲೆಗೂ ಇಂಥ ಅಲೆಗೂ ಹೆಸರಿನಲ್ಲಿ ಮಾತ್ರ ಸಾಮ್ಯ. ಗಾಳಿಯ ಅಲೆಯಲ್ಲಿ ಕಡಲಿನ ಮೇಲ್ಮೈ ಮಾತ್ರ ಅಲುಗುವುದು. ತಳದ ನೀರಿಗೆ ಅದರ ಸುದ್ದಿಯೇ ತಿಳಿಯದು. ಇಲ್ಲಿಯಾದರೋ ತಳವೇ ಮೇಲೆದ್ದುದರಿಂದ ಮೇಲಿನ ನೀರೆಲ್ಲವೂ ಒಟ್ಟಾಗಿ ಎದ್ದು ಎರಡು ಕಡೆಗೆ ಹರಿಯಿತು. ಆಳವಾದ ಕಡಲಿನಲ್ಲಿ ಅದರ ವೇಗ ಗಂಟೆಗೆ ೭೦೦ ಕಿಲೋಮೀಟರಿಗೂ ಹೆಚ್ಚು, ವಿಮಾನದ ವೇಗ. ಎತ್ತರವಾದರೋ ಒಂದು ಮೀಟರಿಗಿಂತ ಕಡಿಮೆ. ಮೇಲೆ ಹೋಗುತ್ತಿರುವ ಹಡಗಿನವನಿಗೆ ತನ್ನ ಅಡಿಯಲ್ಲಿ ಏನು ಹಾದುಹೋಯಿತೆಂಬುದು ಗೊತ್ತಾಗದು. ದಡದ ಸಮೀಪಕ್ಕೆ ಬಂದು ಆಳ ಕಡಿಮೆಯಾದೊಡನೆ ಮುಂದಿನ ನೀರು ನಿಧಾನಿಸುವುದು, ಹಿಂದಿನ ನೀರು ಬಂದು ಅದರ ಮೇಲೆ ಏರುವುದು; ಹೀಗೆ ಅಲೆಯು ಗೋಡೆಯಾಗುವುದು. ಒಂದಾದ ಮೇಲೆ ಒಂದರಂತೆ ಗಂಟೆಗಟ್ಟಲೆ ಬರುವುದು. ಮೊದಲನೆಯದೇ ದೊಡ್ಡದಾಗಿರಬೇಕೆಂಬ ನಿಯಮವೂ ಇಲ್ಲ.

ಆ ದಿನ ೧೪ ದೇಶಗಳಲ್ಲಿ ಸುಮಾರು ೨ ಲಕ್ಷ ೨೭ ಸಾವಿರ ಜನ ಮಡಿದರು. ಭಾರತದಲ್ಲಿ ಸತ್ತವರು ೧೦ ಸಾವಿರಕ್ಕೂ ಹೆಚ್ಚು. ದೇಹವೂ ಸಿಕ್ಕದೆ ಕಾಣೆಯಾದವರು ೫ ಸಾವಿರಕ್ಕೂ ಹೆಚ್ಚು. ನಾಗಪಟ್ಟಣ ಜಿಲ್ಲೆಯೊಂದರಲ್ಲಿಯೇ ೬ ಸಾವಿರ ಮಂದಿ ಹೋದರು. ಕನ್ಯಾಕುಮಾರಿಯನ್ನು ಬಳಸಿಕೊಂಡು ಬಂದ ನೀರು ಕೇರಳದ ಕೊಲ್ಲಂ ಜಿಲ್ಲೆಯನ್ನೂ ಬಿಡಲಿಲ್ಲ. ಕಡಲನ್ನೆಲ್ಲ ದಾಟಿ ಆಫ್ರಿಕದ ಸೋಮಾಲಿಯ ದೇಶದಲ್ಲಿಯೂ ಜನರನ್ನು ಕೊಂದಿತು.

ಈ ಸಂಖ್ಯೆಗಳನ್ನು ಓದಿ ನಿಟ್ಟುಸಿರು ಬಿಟ್ಟು ಪುಟವನ್ನು ಮಗುಚುವುದು ಸುಲಭ. ಆದರೆ ಇದರಲ್ಲಿ ಒಂದು ಮಾತನ್ನು ನಿಂತು ಆಲೋಚಿಸಬೇಕು. ಭೂಮಿ ಬಿರಿದ ಕ್ಷಣಕ್ಕೂ ನೀರು ತಮಿಳುನಾಡಿನ ದಡವನ್ನು ಮುಟ್ಟಿದ ಕ್ಷಣಕ್ಕೂ ನಡುವೆ ಎರಡು ಗಂಟೆಗೂ ಮಿಕ್ಕ ಕಾಲವಿದ್ದಿತು. ನಡೆಯಬಲ್ಲವನು ದಡದಿಂದ ಒಂದು ಹರದಾರಿ ಒಳಕ್ಕೆ ಹೋಗಲು ಅಷ್ಟು ಹೊತ್ತು ಬೇಕಾಗದು. ಅಂದು ರಜಾದಿನ, ಪೂರ್ಣಿಮೆ, ಕ್ರಿಸ್ತಜಯಂತಿಯ ಮರುದಿನ. ಕಡಲಸ್ನಾನಕ್ಕೆ ಬಂದವರು, ವೇಲಾಂಕಣ್ಣಿಗೆ ಬಂದ ಯಾತ್ರಿಕರು, ಮೀನಿನ ಬಲೆಯನ್ನು ಬಿಡಿಸುತ್ತಿದ್ದವರು, ಮರಳಿನಲ್ಲಿ ಆಡುತ್ತಿದ್ದ ಮಕ್ಕಳು, ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದರು. ಎಚ್ಚರಿಸುವ ಏರ್ಪಾಡು ನಮ್ಮಲ್ಲಿ ಇರಲಿಲ್ಲ. ಕೆಲವೆಡೆ ಮೊದಲ ಅಲೆಯ ನಂತರ ಕಡಲು ಬಹು ದೂರ ಹಿಂದಕ್ಕೆ ಸರಿದು ಎಂದೂ ಕಾಣದ ಬಂಡೆಗಳು ಕಾಣಿಸಿದಾಗ, ಜನರು ಆ ವಿನೋದವನ್ನು ನೋಡಲು ಕೆಳಕ್ಕೆ ಇಳಿದುಹೋದರು. ಅವರು ಮೂಢರಾಗಿರಲಿಲ್ಲ. ಕಡಲನ್ನು ತಲೆತಲಾಂತರದಿಂದ ಬಲ್ಲ ಬೆಸ್ತರೂ ಅವರಲ್ಲಿದ್ದರು. ಆದರೆ ಈ ಒಂದು ವಿಷಯಕ್ಕೆ ಅವರ ಭಾಷೆಯಲ್ಲಿ ದಿನಬಳಕೆಯ ಹೆಸರಿರಲಿಲ್ಲ. ನಮ್ಮ ಭಾಷೆಯಲ್ಲಿಯೂ ಇರಲಿಲ್ಲ. ಸುನಾಮಿಯೆಂಬ ಜಪಾನೀ ಮಾತನ್ನು ನಮ್ಮಲ್ಲಿ ಬಹುಜನರು ಕೇಳಿದ್ದು ಹೆಣಗಳನ್ನು ಎಣಿಸುವಾಗಲೇ. ಆ ಭಾಷೆಯಲ್ಲಿ ‘ತ್ಸು’ ಎಂದರೆ ರೇವು, ‘ನಾಮಿ’ ಎಂದರೆ ಅಲೆ. ಹೆಸರಿಲ್ಲದ ಶತ್ರುವನ್ನು ಕಂಡು ಓಡಬೇಕೆಂದು ಯಾರಿಗೆ ತೋರೀತು?

ಹೆಸರನ್ನು ಬಲ್ಲವರ ಕಥೆ ಬೇರೆಯಾಯಿತು. ಸುಮಾತ್ರಾದ ಪಶ್ಚಿಮಕ್ಕೆ ಸಿಮೆಉಲುಯೆ ಎಂಬ ದ್ವೀಪವಿದೆ. ಅಂದಿನ ಭೂಕಂಪದ ಮೂಲಕ್ಕೆ ಅತಿ ಸಮೀಪದ ನೆಲಗಳಲ್ಲಿ ಅದೂ ಒಂದು. ನಮ್ಮವರಿಗೆ ಎರಡು ಗಂಟೆಯ ಅವಕಾಶವಿದ್ದರೆ ಅಲ್ಲಿಯವರಿಗೆ ಸುಮಾರು ಹತ್ತು ನಿಮಿಷ ಮಾತ್ರ. ೧೯೦೭ನೆಯ ಜನವರಿಯಲ್ಲಿ ಅಲ್ಲಿ ಇಂಥದೇ ಕಂಪವಾಗಿ, ಕಡಲು ಏರಿ ಬಂದು, ಬಹು ಜನರು ಸತ್ತಿದ್ದರು. ಉಳಿದವರು ಆ ಅಲೆಗೆ ತಮ್ಮ ಮಾತಿನಲ್ಲಿ ‘ಸ್ಮೊಂಗ್’ ಎಂದು ಹೆಸರಿಟ್ಟು ಅದನ್ನು ಕಥೆಯಾಗಿಯೂ ಹಾಡಾಗಿಯೂ ಮಕ್ಕಳಿಗೆ ಕಲಿಸಿದರು. ತೊಟ್ಟಿಲನ್ನು ತೂಗುವಾಗಲೂ ಹಾಡುವರಂತೆ. ಅದರ ಸಾರ ಇಷ್ಟೆ: ಭೂಮಿ ಬಲವಾಗಿ ನಡುಗಿ, ಆಮೇಲೆ ಕಡಲು ಹಿಂದಕ್ಕೆ ಸರಿದರೆ, ಯಾವುದನ್ನೂ ಕಾಯದೆ ಎತ್ತರದ ನೆಲಕ್ಕೆ ಓಡಬೇಕು. ತೊಂಬತ್ತೇಳು ವರ್ಷ ಆ ಹಾಡಿಗೆ ಯಾವ ಕೆಲಸವೂ ಬೀಳಲಿಲ್ಲ. ೧೯೦೭ನ್ನು ಕಣ್ಣಾರೆ ಕಂಡವರು ತೀರಿಕೊಂಡರು. ಅವರ ಮಕ್ಕಳೂ ಮುದುಕರಾಗಿ ತೀರಿಕೊಂಡರು. ಆದರೂ ಹಾಡು ನಿಲ್ಲಲಿಲ್ಲ. ೨೦೦೪ರಲ್ಲಿ ಭೂಮಿ ನಡುಗಿದೊಡನೆ ‘ಸ್ಮೊಂಗ್, ಸ್ಮೊಂಗ್’ ಎಂಬ ಕೂಗು ಎದ್ದು ದ್ವೀಪದ ಜನರೆಲ್ಲರೂ ಗುಡ್ಡ ಹತ್ತಿದರು. ಸುಮಾರು ೭೮ ಸಾವಿರ ಜನರಲ್ಲಿ ಸತ್ತವರು ಏಳು ಮಂದಿ. ಅದೇ ಸಮಯದಲ್ಲಿ ಸುಮಾತ್ರಾದ ಬಂದಾ ಆಚೆ ಎಂಬ ಪಟ್ಟಣದಲ್ಲಿ ಹತ್ತಾರು ಸಾವಿರ ಜನರು ಕೊಚ್ಚಿಹೋದರು. ಕಡಲು ಒಂದೇ, ಅಲೆ ಒಂದೇ, ಧರ್ಮವೂ ಹೆಚ್ಚುಕಡಮೆ ಒಂದೇ. ಇದ್ದ ವ್ಯತ್ಯಾಸವೆಂದರೆ ಒಂದು ಹಾಡು.

ಉಪಾಧ್ಯಾಯನಾದವನಿಗೆ ಸಂತೋಷ ಕೊಡುವ ಇನ್ನೊಂದು ಸಂಗತಿಯೂ ಅದೇ ದಿನ ನಡೆಯಿತು. ಥಾಯ್‌ಲೆಂಡಿನ ಫುಕೆಟ್ ದ್ವೀಪದ ತೀರದಲ್ಲಿ ತಂದೆತಾಯಿಗಳೊಡನೆ ರಜೆಗೆ ಬಂದಿದ್ದ ಹತ್ತು ವರ್ಷದ ಇಂಗ್ಲಿಷ್ ಬಾಲಿಕೆಯೊಬ್ಬಳು ನೀರು ನೊರೆನೊರೆಯಾಗಿ ವಿಚಿತ್ರವಾಗಿ ಏರುವುದನ್ನು ಕಂಡಳು. ಎರಡು ವಾರದ ಹಿಂದೆಯಷ್ಟೇ ಶಾಲೆಯಲ್ಲಿ ಭೂಗೋಳದ ಪಾಠದಲ್ಲಿ ಇದನ್ನೇ ಕೇಳಿದ್ದಳು. ಅವಳು ಹಟ ಹಿಡಿದು ಕೂಗಿಕೊಂಡದ್ದರಿಂದ ಆ ತೀರವನ್ನು ತೆರವು ಮಾಡಿದರು. ಸುಮಾರು ನೂರು ಜನರು ಬದುಕಿದರು. ಪರೀಕ್ಷೆಗೆಂದು ಕಲಿಸಿದ ಪಾಠವು ಪ್ರಾಣಕ್ಕೆ ಒದಗಿತು. ಎಷ್ಟೋ ಪಾಠಗಳು ಯಾರಿಗೆ ಎಂದು ಫಲಿಸುವುವೆಂಬುದನ್ನು ಹೇಳಿಕೊಟ್ಟವನು ತಿಳಿಯಲಾರನು. ಹಾಗೆಂದು ಹೇಳಿಕೊಡದೆ ಇರಲೂ ಆಗದು.

ಈ ವಿಷಯದಲ್ಲಿ ಜಪಾನೀಯರಷ್ಟು ಪೆಟ್ಟು ತಿಂದವರೂ ಇಲ್ಲ, ಅವರಷ್ಟು ಆಲೋಚಿಸಿದವರೂ ಇಲ್ಲ. ೧೮೫೪ರಲ್ಲಿ ಕೀ ಪ್ರಾಂತದ ಹಿರೋ ಎಂಬ ಹಳ್ಳಿಗೆ ಸಂಜೆಯ ಹೊತ್ತಿನಲ್ಲಿ ಅಲೆ ನುಗ್ಗಿತು. ಹಾಮಾಗುಚಿ ಗೊರ್ಯೊ ಎಂಬ ವರ್ತಕನು, ಕತ್ತಲಲ್ಲಿ ದಿಕ್ಕುಗಾಣದ ಜನರಿಗೆ ಗುಡ್ಡದ ದೇವಸ್ಥಾನದ ದಾರಿ ಕಾಣಲೆಂದು ಗದ್ದೆಯಲ್ಲಿ ಒಟ್ಟಿದ್ದ ಭತ್ತದ ಹುಲ್ಲಿನ ಮೆದೆಗಳಿಗೆ ಬೆಂಕಿಯಿಟ್ಟನು. ಆ ಬೆಳಕೇ ಬಹು ಜನರ ಪ್ರಾಣವನ್ನು ಉಳಿಸಿತು. ಆತನು ಅಷ್ಟಕ್ಕೆ ನಿಲ್ಲಲಿಲ್ಲ. ಮನೆ ಬದುಕು ಕಳೆದುಕೊಂಡ ಹಳ್ಳಿಗರಿಗೆ ಕೂಲಿ ಸಿಕ್ಕುವಂತೆ ತನ್ನ ಹಣದಿಂದಲೇ ಸುಮಾರು ೬೦೦ ಮೀಟರ್ ಉದ್ದ, ೫ ಮೀಟರ್ ಎತ್ತರದ ಏರಿಯನ್ನು ನಾಲ್ಕು ವರ್ಷಗಳಲ್ಲಿ ಕಟ್ಟಿಸಿದನು. ೧೯೪೬ರಲ್ಲಿ ಮತ್ತೆ ಅಲೆ ಬಂದಾಗ ಆ ಏರಿ ಊರಿನ ಬಹುಭಾಗವನ್ನು ಕಾಪಾಡಿತು. ಆ ಕಥೆಯು ಜಪಾನಿನ ಮಕ್ಕಳ ಪಾಠಪುಸ್ತಕದಲ್ಲಿ ಸೇರಿತು. ಅಲ್ಲಿಯ ಹಳೆಯ ಚಾಂದ್ರಮಾನದ ಲೆಕ್ಕದಲ್ಲಿ ಆ ಅಲೆ ಬಂದದ್ದು ಹನ್ನೊಂದನೆಯ ತಿಂಗಳ ಐದನೆಯ ದಿನ. ಆದ್ದರಿಂದ ವಿಶ್ವಸಂಸ್ಥೆಯು ೨೦೧೫ರಲ್ಲಿ ನವೆಂಬರ್ ೫ನೆಯ ತಾರೀಖನ್ನು ಈ ಅರಿವಿನ ದಿನವೆಂದು ಗೊತ್ತುಮಾಡಿತು.

ಅದೇ ದೇಶದ ಈಶಾನ್ಯ ತೀರದ ಅನೆಯೋಶಿ ಎಂಬ ಕುಗ್ರಾಮದಲ್ಲಿ ಒಂದು ಕಲ್ಲು ನಿಂತಿದೆ. ಎತ್ತರ ನಾಲ್ಕಡಿ. ಊರನ್ನು ೧೮೯೬ರಲ್ಲಿ ಅಲೆ ನುಂಗಿದಾಗ ಉಳಿದವರು ಇಬ್ಬರು. ೧೯೩೩ರಲ್ಲಿ ಮತ್ತೆ ನುಂಗಿದಾಗ ಉಳಿದವರು ನಾಲ್ವರು. ಆಮೇಲೆ ಆ ಕಲ್ಲನ್ನು ನೆಟ್ಟು, ಇದರ ಕೆಳಗೆ ಮನೆ ಕಟ್ಟಬೇಡಿರೆಂಬ ಅಭಿಪ್ರಾಯದ ಮಾತನ್ನು ಕೆತ್ತಿಸಿದರು. ಊರಿನವರು ಅದರಂತೆ ನಡೆದರು. ೨೦೧೧ನೆಯ ಮಾರ್ಚ್ ೧೧ರಂದು ನೀರು ಆ ಕಣಿವೆಯಲ್ಲಿ ಮೂವತ್ತೆಂಟು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿ, ಕಲ್ಲನ್ನು ಮುಟ್ಟಲಾರದೆ ಕೆಳಗೇ ನಿಂತಿತು. ಮೇಲಿದ್ದ ಮನೆಗಳಲ್ಲಿ ಒಂದೂ ಹೋಗಲಿಲ್ಲ. ಅಲ್ಲಿಂದ ಬಹು ದೂರವಿಲ್ಲದ ತಾರೊ ಎಂಬ ಊರಿನಲ್ಲಿಯಾದರೋ ಹತ್ತು ಮೀಟರ್ ಎತ್ತರದ, ಎರಡು ಕಿಲೋಮೀಟರಿಗೂ ಮೀರಿದ ಭಾರಿ ಗೋಡೆಯನ್ನು ಕಟ್ಟಿದ್ದರು. ದೇಶದೇಶಗಳಿಂದ ಬಂದು ಅದನ್ನು ನೋಡಿ ಹೋಗುತ್ತಿದ್ದರು. ಅಲೆ ಗೋಡೆಯನ್ನು ದಾಟಿ ಬಂದು ನೂರಕ್ಕೂ ಮಿಕ್ಕ ಜನರನ್ನು ಕೊಂಡೊಯ್ದಿತು. ಗೋಡೆಯಿಂದ ಪ್ರಯೋಜನವೇ ಇಲ್ಲವೆಂದಲ್ಲ. ಹಾಮಾಗುಚಿಯ ಏರಿ ಊರನ್ನು ಉಳಿಸಲಿಲ್ಲವೆ? ಆದರೆ ಗೋಡೆಯನ್ನು ನಂಬಿ ಓಡುವುದನ್ನು ಮರೆತವನಿಗೆ ಗೋಡೆಯೇ ಕಣ್ಣುಕಟ್ಟು. ಕಲ್ಲು ನೀರನ್ನು ತಡೆಯುವೆನೆಂದು ಹೇಳಲಿಲ್ಲ. ನೀನು ಎಲ್ಲಿರಬೇಕೆಂದು ಮಾತ್ರ ಹೇಳಿತು. ಪ್ರಕೃತಿಗೆ ಮರ್ಯಾದೆಯನ್ನು ವಿಧಿಸಲು ನಮಗೆ ಅಧಿಕಾರವಿಲ್ಲ. ನಮ್ಮ ಮರ್ಯಾದೆಯನ್ನು ನಾವು ಅರಿತುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುವೆನು. ಇದು ಸಂಸಾರವಂದಿಗರು ಕುಳಿತು ಮಾತಾಡಬೇಕಾದ ವಿಷಯ. ಜಪಾನಿನ ಆ ಈಶಾನ್ಯ ತೀರದಲ್ಲಿ ‘ತೆಂದೆಂಕೊ’ ಎಂದೊಂದು ನಾಣ್ಣುಡಿಯಿದೆ. ಅಲೆ ಬರುವಾಗ ಅವರವರು ಅವರವರಷ್ಟಕ್ಕೆ ಓಡಬೇಕು, ತಂದೆಯು ಮಗನಿಗಾಗಿ ಕಾಯಬಾರದು, ಮಗನು ತಾಯಿಗಾಗಿ ಕಾಯಬಾರದು ಎಂಬುದು ಅದರ ತಾತ್ಪರ್ಯ. ನಮ್ಮವರ ಕಿವಿಗೆ ಇದು ಎಷ್ಟು ಕಠೋರವಾಗಿ ಕೇಳುವುದು! ಹೆತ್ತ ಮಗುವನ್ನು ಬಿಟ್ಟು ಓಡುವ ತಾಯಿಯನ್ನು ನಾವು ತಾಯಿಯೆಂದು ಕರೆಯುವೆವೆ? ಮುದಿ ತಂದೆಯನ್ನು ಹಿಂದೆ ಬಿಟ್ಟ ಮಗನಿಗೆ ಯಾವ ಲೋಕ ಉಂಟು? ಹೀಗೆ ಆಕ್ಷೇಪಿಸುವುದು ಸಹಜ.

ಆದರೆ ಈ ಮಾತು ಹುಟ್ಟಿದ್ದು ನಿಷ್ಠುರತೆಯಿಂದಲ್ಲ, ದುಃಖದ ಅನುಭವದಿಂದ. ಆ ಅಲೆಗಳಲ್ಲಿ ಮನೆಮನೆಗಳೇ ಬೇರುಸಹಿತ ಹೋದುದು ಹೇಗೆಂದರೆ, ಶಾಲೆಯಲ್ಲಿದ್ದ ಮಗುವನ್ನು ಹುಡುಕಿಕೊಂಡು ತಾಯಿ ತಗ್ಗಿಗೆ ಇಳಿದಳು. ತಾಯಿಯನ್ನು ಹುಡುಕಿಕೊಂಡು ತಂದೆ ಇಳಿದನು. ಅಮ್ಮ ಬರುವಳೆಂದು ಮಗು ಬಾಗಿಲಲ್ಲಿಯೇ ನಿಂತಿತು. ಪ್ರೀತಿಯೇ ಮೂವರನ್ನೂ ನೀರಿಗೆ ಒಪ್ಪಿಸಿತು. ಆದ್ದರಿಂದ ‘ತೆಂದೆಂಕೊ’ ಎಂಬುದು ಆ ಕ್ಷಣದಲ್ಲಿ ತೊಡುವ ನಿರ್ಧಾರವಲ್ಲ. ಅದಕ್ಕೆ ಎಷ್ಟೋ ದಿನ ಮೊದಲೇ ಮನೆಯವರೆಲ್ಲರೂ ಮಾಡಿಕೊಳ್ಳುವ ಒಪ್ಪಂದ. ಅಮ್ಮ ತಾನಾಗಿ ಗುಡ್ಡಕ್ಕೆ ಹೋಗಿರುವಳೆಂದು ಮಗುವಿಗೆ ನಂಬಿಕೆಯಿರಬೇಕು. ಮಗು ತಾನಾಗಿ ಹೋಗಿರುವುದೆಂದು ಅಮ್ಮನಿಗೆ ನಂಬಿಕೆಯಿರಬೇಕು. ಆ ನಂಬಿಕೆಯಿದ್ದರೆ ಇಬ್ಬರೂ ಓಡುವರು, ಇಬ್ಬರೂ ಗುಡ್ಡದ ಮೇಲೆ ಸೇರುವರು. ಇಲ್ಲದಿದ್ದರೆ ಇಬ್ಬರೂ ಹಿಂದಿರುಗುವರು. ಇನ್ನು ನಡೆಯಲಾರದ ಮುದುಕರನ್ನೂ ಹಸುಗೂಸುಗಳನ್ನೂ ಯಾರು ಎತ್ತಿಕೊಳ್ಳಬೇಕೆಂಬುದನ್ನು ಮನೆಯವರು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಆ ಗಳಿಗೆಯಲ್ಲಿ ಚರ್ಚೆಗೆ ಎಡೆಯಿರದು.

೨೦೧೧ರ ಆ ಮಾರ್ಚಿನಲ್ಲಿ ಇದಕ್ಕೆ ಎರಡು ನಿದರ್ಶನಗಳು ದೊರೆತುವು. ಕಾಮಾಯಿಶಿ ಎಂಬ ಊರಿನ ಶಾಲೆಗಳಲ್ಲಿ ಹಲವು ವರ್ಷಗಳಿಂದ ಮಕ್ಕಳಿಗೆ ಈ ಪಾಠವನ್ನು ಅಭ್ಯಾಸ ಮಾಡಿಸಿದ್ದರು. ಭೂಮಿ ನಡುಗಿದೊಡನೆ ದೊಡ್ಡ ಹುಡುಗರು ಯಾರ ಅಪ್ಪಣೆಯನ್ನೂ ಕಾಯದೆ ಓಡಿದರು. ಪಕ್ಕದ ಶಾಲೆಯ ಕಿರಿಯ ಮಕ್ಕಳು ಮೂರನೆಯ ಅಂತಸ್ತಿಗೆ ಹತ್ತುತ್ತಿದ್ದವರು ಇವರನ್ನು ಕಂಡು ತಾವೂ ಹೊರಟರು. ದೊಡ್ಡವರು ಚಿಕ್ಕವರ ಕೈಹಿಡಿದುಕೊಂಡರು. ಮೊದಲು ಸೇರಬೇಕೆಂದು ಗೊತ್ತುಮಾಡಿದ್ದ ಜಾಗಕ್ಕೆ ಬಂದಮೇಲೆ ಅದು ಸಾಲದೆಂದು ತಿಳಿದು ಇನ್ನೂ ಮೇಲಕ್ಕೆ ಹೋದರು; ಮೊದಲಿನ ಜಾಗವನ್ನು ನೀರು ಮುಚ್ಚಿತು. ಆ ಊರಿನ ಸುಮಾರು ೩೦೦೦ ಶಾಲಾಮಕ್ಕಳಲ್ಲಿ ಬೆರಳೆಣಿಕೆಯಷ್ಟು ಮಂದಿ ಹೊರತು ಉಳಿದವರೆಲ್ಲರೂ ಬದುಕಿದರು. ‘ಅವರವರಷ್ಟಕ್ಕೆ ಓಡಿರಿ’ ಎಂದು ಕಲಿತ ಮಕ್ಕಳೇ ಇನ್ನೊಬ್ಬರ ಕೈಹಿಡಿದು ಓಡಿದರೆಂಬುದನ್ನು ಗಮನಿಸಬೇಕು. ಓಡಲು ಮೊದಲು ತೊಡಗಿದವನೇ ಇತರರನ್ನು ಕರೆದೊಯ್ಯಬಲ್ಲನು.

ಇನ್ನೊಂದು ನಿದರ್ಶನವನ್ನು ಬರೆಯಲು ಕೈ ನಡುಗುವುದು. ಓಕಾವಾ ಎಂಬಲ್ಲಿಯ ಪ್ರಾಥಮಿಕ ಶಾಲೆಯ ಹಿಂದೆಯೇ ಗುಡ್ಡವಿದ್ದಿತು. ಭೂಮಿ ನಡುಗಿದಮೇಲೆ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಎಲ್ಲಿಗೆ ಕರೆದುಕೊಂಡು ಹೋಗಬೇಕೆಂಬ ವಿಚಾರದಲ್ಲಿ ಸುಮಾರು ಐವತ್ತು ನಿಮಿಷಗಳು ಕಳೆದುವು. ಕಡೆಗೆ ಹೊರಟಾಗ ನೀರು ಎದುರಿಗೆ ಬಂದಿತು. ೭೪ ಮಕ್ಕಳೂ ೧೦ ಮಂದಿ ಉಪಾಧ್ಯಾಯರೂ ಮಡಿದರು. ಮೊದಲೇ ಸರಿಯಾದ ಯೋಜನೆಯನ್ನು ಮಾಡಿರಲಿಲ್ಲವೆಂಬ ಹೊಣೆಯನ್ನು ೨೦೧೯ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಸತ್ತ ಉಪಾಧ್ಯಾಯರು ಮಕ್ಕಳನ್ನು ಪ್ರೀತಿಸದವರೆಂದು ಯಾರೂ ಹೇಳಲಾರರು. ಅವರೊಡನೆಯೇ ಪ್ರಾಣ ಬಿಟ್ಟವರು. ಆದರೆ ಆ ಐವತ್ತು ನಿಮಿಷಗಳಲ್ಲಿ ಅವರು ಯೋಚಿಸುತ್ತಿದ್ದುದನ್ನು ಐದು ವರ್ಷ ಮೊದಲೇ ಯೋಚಿಸಿ ಮುಗಿಸಿರಬೇಕಾಗಿತ್ತು. ವೇಳೆಯೆಂಬುದು ಗಂಡಾಂತರ ಬಂದಮೇಲೆ ಸಿಕ್ಕುವ ವಸ್ತುವಲ್ಲ. ಬರುವ ಮುಂಚೆ ಕೂಡಿಸಿಡುವ ವಸ್ತು.

ಇಲ್ಲಿ ಒಂದು ಶಂಕೆ ಹುಟ್ಟುವುದು. ಈಗ ಯಂತ್ರಗಳಿವೆಯಷ್ಟೆ, ಅಜ್ಜಿಯ ಹಾಡು ಏತಕ್ಕೆ? ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ ೨೦೦೭ನೆಯ ಅಕ್ಟೋಬರಿನಿಂದ ಸುನಾಮಿಯ ಮುನ್ನೆಚ್ಚರಿಕೆಯ ಕೆಲಸ ಹಗಲಿರುಳೂ ನಡೆಯುತ್ತಿದೆ. ಭೂಕಂಪವಾದ ಕೆಲವು ನಿಮಿಷಗಳಲ್ಲಿ ಅದರ ಸ್ಥಾನವೂ ಬಲವೂ ಅಲ್ಲಿ ತಿಳಿಯುವುವು. ಕಡಲ ತಳದಲ್ಲಿಟ್ಟ ಯಂತ್ರಗಳು ನೀರಿನ ಒತ್ತಡವನ್ನು ಅಳೆದು ಅಲೆ ಎದ್ದಿದೆಯೇ ಇಲ್ಲವೇ ಎಂದು ತಿಳಿಸುವುವು. ಇದು ಸಾಮಾನ್ಯ ಉಪಕಾರವಲ್ಲ. ೨೦೦೪ರಲ್ಲಿ ತಮಿಳುನಾಡಿನ ದಡದ ಬಹುಜನರಿಗೆ ದೂರದ ಆ ನಡುಕವು ಅಪಾಯವೆಂದು ತೋರುವಂತಿರಲಿಲ್ಲ. ಅಲ್ಲಿ ನೀರು ಬಹುಮಟ್ಟಿಗೆ ಮೊದಲು ಹಿಂದೆ ಸರಿಯದೆ ಏರಿಯೇ ಬಂದಿತು. ಸಿಮೆಉಲುಯೆಯ ಹಾಡನ್ನು ಬಲ್ಲವನಿಗೂ ಅಲ್ಲಿ ಮುಂಚಿತವಾದ ಗುರುತು ಸಿಕ್ಕುತ್ತಿರಲಿಲ್ಲ. ದೂರದ ದಡಕ್ಕೆ ಯಂತ್ರವೇ ಗತಿ.

ಹತ್ತಿರದ ದಡದ ಮಾತು ಬೇರೆ. ೨೦೧೮ನೆಯ ಸೆಪ್ಟೆಂಬರ್ ೨೮ರಂದು ಇಂಡೋನೇಷಿಯದ ಪಾಲು ಎಂಬ ಪಟ್ಟಣದಲ್ಲಿ ಭೂಮಿ ನಡುಗಿದ ಕೆಲವೇ ನಿಮಿಷಗಳಲ್ಲಿ ಕೊಲ್ಲಿಯ ನೀರು ಮೇಲೆ ಬಂದಿತು. ಕಂಪ, ಅಲೆ, ಕೆಸರಾಗಿ ಹರಿದ ನೆಲ ಇವುಗಳಿಂದ ೪೦೦೦ಕ್ಕೂ ಮಿಕ್ಕ ಜನರು ಸತ್ತರು. ಅಷ್ಟು ಅಲ್ಪಕಾಲದಲ್ಲಿ ಯಾವ ಯಂತ್ರವೂ ಪ್ರತಿಯೊಬ್ಬನ ಕಿವಿಗೂ ಸುದ್ದಿ ಮುಟ್ಟಿಸಲಾರದು. ಕಾಲ ಕೆಳಗಿನ ನಡುಕವೇ ಅಲ್ಲಿ ಗಂಟೆ. ಆದ್ದರಿಂದ ಯಂತ್ರವೂ ಬೇಕು, ಹಾಡೂ ಬೇಕು. ಒಂದು ಇನ್ನೊಂದಕ್ಕೆ ಪ್ರತಿಯಾಗಲಾರದು. ಒಡಿಶಾದ ನೊಲಿಯಾಸಾಹಿ, ವೆಂಕಟರಾಯಪುರ ಎಂಬ ಎರಡು ಹಳ್ಳಿಗಳು ಎರಡನ್ನೂ ಕೂಡಿಸಿಕೊಂಡು, ಓಡುವ ದಾರಿಯನ್ನು ಗುರುತುಮಾಡಿ, ಅಭ್ಯಾಸ ಮಾಡಿ, ೨೦೨೦ರಲ್ಲಿ ಯುನೆಸ್ಕೋ ಸಂಸ್ಥೆಯಿಂದ ಸಿದ್ಧವಾದ ಊರುಗಳೆಂಬ ಮನ್ನಣೆಯನ್ನು ಪಡೆದುವು. ಅವು ದೊಡ್ಡ ಪಟ್ಟಣಗಳಲ್ಲ, ಬೆಸ್ತರ ಹಳ್ಳಿಗಳು.

ಕನ್ನಡಿಗರಾದ ನಮಗೆ ಇದೆಲ್ಲ ಪರರ ಕಥೆಯೆಂದು ತೋರಬಾರದು. ಪಡುವಣ ಕಡಲೂ ಕಡಲೇ. ೧೯೪೫ನೆಯ ನವೆಂಬರಿನಲ್ಲಿ ಮಕ್ರಾನ್ ತೀರದ ಭೂಕಂಪದಿಂದೆದ್ದ ಅಲೆಯು ಮುಂಬಯಿಯ ದಡದವರೆಗೂ ಬಂದು ಕೆಲವರನ್ನು ಕೊಂದಿತು. ಬಯಲುಸೀಮೆಯವರಿಗೆ ಬರ, ನದಿಯ ದಡದವರಿಗೆ ನೆರೆ, ಮಲೆನಾಡಿನವರಿಗೆ ಗುಡ್ಡದ ಕುಸಿತ. ಒಬ್ಬೊಬ್ಬರಿಗೆ ಒಂದೊಂದು ರೂಪದಲ್ಲಿ ಮೇರೆ ತಪ್ಪುವುದು. ೧೮೭೬-೭೭ರಲ್ಲಿ ಬಿದ್ದ ಬರವನ್ನು ಹಳೆಯ ಮೈಸೂರಿನವರು ಸಂವತ್ಸರಗಳ ಹೆಸರಿನಿಂದಲೇ ಧಾತು ಈಶ್ವರದ ಬರವೆಂದು ಕರೆದರು. ೧೮೭೧ರ ಎಣಿಕೆಯಲ್ಲಿ ೫೦ ಲಕ್ಷಕ್ಕೂ ಮೇಲಿದ್ದ ಆ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕೆಳಗಿಳಿದಿತ್ತು. ಕಾಳನ್ನು ಚೆಲ್ಲಿದ ಮಗುವನ್ನು ಗದರುವಾಗ ಹಿಂದಿನ ಅಜ್ಜಿಯರು ಆ ಬರದ ಹೆಸರನ್ನು ಹೇಳುತ್ತಿದ್ದುದುಂಟು. ಅದು ನಮ್ಮ ಸ್ಮೊಂಗ್. ಈಗ ಎಷ್ಟು ಮನೆಗಳಲ್ಲಿ ಆ ಹೆಸರು ಕೇಳಿಬರುವುದು?

ಮರೆಯುವುದು ಮನುಷ್ಯನಿಗೆ ಸಹಜ, ಒಂದು ದೃಷ್ಟಿಯಿಂದ ಅನುಗ್ರಹವೂ ಹೌದು. ದುಃಖವನ್ನೆಲ್ಲ ಹೊತ್ತುಕೊಂಡು ಯಾರೂ ಬಾಳಲಾರರು. ಆದರೆ ಪ್ರಕೃತಿಯ ಎಣಿಕೆ ನಮ್ಮ ಆಯುಸ್ಸಿನ ಎಣಿಕೆಯಲ್ಲ. ನೂರು ವರ್ಷಕ್ಕೊಮ್ಮೆ ಬರುವ ಆಪತ್ತನ್ನು ಅರವತ್ತು ಎಪ್ಪತ್ತು ವರ್ಷ ಬದುಕುವ ಜೀವಿ ನೆನಪಿಟ್ಟುಕೊಳ್ಳಬೇಕಾದರೆ ಒಬ್ಬನ ನೆನಪು ಸಾಲದು. ಅಜ್ಜಿಯಿಂದ ಮೊಮ್ಮಗುವಿಗೆ, ಆ ಮೊಮ್ಮಗುವಿನಿಂದ ಅದರ ಮೊಮ್ಮಗುವಿಗೆ ಕೈಬದಲಾಗಬೇಕು. ನಡುವೆ ಒಂದು ತಲೆಮಾರು ಬಾಯಿಮುಚ್ಚಿದರೆ ಸರಪಣಿ ಕಡಿಯಿತು. ವಿಧಿಯನ್ನು ಯಾರು ತಪ್ಪಿಸಬಲ್ಲರು ಎಂದು ಸುಮ್ಮನಿರುವವನೂ, ನಮ್ಮ ವಿದ್ಯೆಯ ಮುಂದೆ ಪ್ರಕೃತಿ ಎಷ್ಟರದು ಎಂದು ಬೀಗುವವನೂ ಈ ಸರಪಣಿಯನ್ನು ಕಡಿಯುವವರೇ. ಮೊದಲನೆಯವನು ಕಲಿಯುವುದರಿಂದ ಫಲವಿಲ್ಲವೆನ್ನುವನು, ಎರಡನೆಯವನು ಅಗತ್ಯವಿಲ್ಲವೆನ್ನುವನು. ಇಂದಿಗೂ ಯಾವ ಶಾಸ್ತ್ರಜ್ಞನೂ ಭೂಕಂಪವು ಇಂಥ ದಿನ ಇಂಥ ಹೊತ್ತಿಗೆ ಬರುವುದೆಂದು ಹೇಳಲಾರನು. ಬಂದಾಗ ಏನು ಮಾಡಬೇಕೆಂಬುದನ್ನಾದರೋ ತೊಟ್ಟಿಲಿನ ಹಾಡೂ ಹೇಳಬಲ್ಲುದು.

ಆದುದರಿಂದ ವಾಚಕರಲ್ಲಿ, ಮುಖ್ಯವಾಗಿ ಮನೆಯ ಹಿರಿಯರಲ್ಲಿಯೂ ತಾಯಂದಿರಲ್ಲಿಯೂ ನನ್ನ ಬಿನ್ನಹವಿಷ್ಟು. ಕಡಲ ತೀರದವರು ಮಕ್ಕಳಿಗೆ ಹೇಳಿಕೊಡಿರಿ: ದಡದಲ್ಲಿದ್ದಾಗ ಭೂಮಿ ಬಲವಾಗಿಯಾಗಲಿ ಬಹಳ ಹೊತ್ತಾ­ಗಲಿ ನಡುಗಿದರೆ, ಇಲ್ಲವೆ ಕಡಲು ಕಾರಣವಿಲ್ಲದೆ ಹಿಂದೆ ಸರಿದರೆ ಅಥವಾ ಏರಿದರೆ, ಎತ್ತರಕ್ಕೆ ಓಡಬೇಕು, ಒಂದು ಅಲೆ ಹೋಯಿತೆಂದು ಕೆಳಗಿಳಿಯಬಾರದು. ಮಲೆನಾಡಿನವರು ಹೇಳಿಕೊಡಿರಿ: ಮಳೆಗಾಲದಲ್ಲಿ ತಿಳಿಯಾಗಿದ್ದ ತೊರೆ ಒಮ್ಮೆಲೇ ಕೆಸರಾದರೆ ಅಥವಾ ಬತ್ತಿದರೆ, ಇಳಿಜಾರಿನ ಮರಗಳು ವಾಲಿದರೆ, ನೆಲದಲ್ಲಿಯೂ ಗೋಡೆಯಲ್ಲಿಯೂ ಹೊಸ ಬಿರುಕು ಕಂಡರೆ, ಬೆಳಗಾಗಲೆಂದು ಕಾಯಬಾರದು. ೨೦೧೮ನೆಯ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದುದನ್ನು ನಾವು ಕಂಡೆವು. ೨೦೨೪ನೆಯ ಜುಲೈ ೩೦ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲಗಳಲ್ಲಿ ಜನರು ನಿದ್ರೆಯಲ್ಲಿರುವಾಗಲೇ ಗುಡ್ಡ ಇಳಿದು ಬಂದಿತು. ನದಿಯ ದಡದವರು ಹಿಂದಿನ ನೆರೆ ಎಲ್ಲಿಯವರೆಗೆ ಏರಿತ್ತೆಂಬುದನ್ನು ಗೋಡೆಯ ಮೇಲೆ ಇಸವಿಯೊಡನೆ ಬರೆದಿಡಿರಿ. ಸುಣ್ಣ ಹೊಡೆಯುವಾಗ ಆ ಗೆರೆಯನ್ನು ಅಳಿಸಬೇಡಿರಿ.

ಯಾವ ಊರಿನವರಾದರೂ ಒಂದು ಸಂಜೆ ಊಟವಾದಮೇಲೆ ಮನೆಯವರೆಲ್ಲರೂ ಕುಳಿತು, ಒಬ್ಬರಿಂದೊಬ್ಬರು ಅಗಲಿರುವಾಗ ಆಪತ್ತು ಬಂದರೆ ಎಲ್ಲಿ ಸೇರುವುದು, ಅಜ್ಜನನ್ನು ಯಾರು ಕರೆತರುವುದು, ಕೂಸನ್ನು ಯಾರು ಎತ್ತಿಕೊಳ್ಳುವುದು ಎಂಬುದನ್ನು ಗೊತ್ತುಮಾಡಿಕೊಳ್ಳಿರಿ. ಅಪಶಕುನದ ಮಾತೇಕೆ ಎಂದು ಯಾರಾದರೂ ಅಡ್ಡಿ ಹೇಳಿಯಾರು. ಮನೆಗೆ ಬೀಗ ಹಾಕುವುದು ಕಳ್ಳನನ್ನು ಕರೆದಂತಾಗುವುದಿಲ್ಲ, ಇದೂ ಹಾಗೆಯೇ. ಅರ್ಧ ಗಂಟೆಯ ಮಾತುಕತೆ ಸಾಕು. ಅದು ಎಂದೂ ಉಪಯೋಗಕ್ಕೆ ಬಾರದೆ ಹೋಗಲಿ ಎಂದೇ ನಾನೂ ಹಾರೈಸುವೆನು.